ನಾಲ್ಕನೆಯ ಕಪಾಟು

ಬುಧವಾರ ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಆಸ್ಪತ್ರೆಯ ಬಡಗಿ ನೆಲಮಹಡಿಯ ಖಾಲಿ ಕೋಣೆಯೊಂದರಲ್ಲಿ ಉದ್ದನೆಯ ಗೋಡೆಯನ್ನು ಅಳೆಯುತ್ತಿದ್ದರು. ನೆಲದ ಮಟ್ಟದಲ್ಲಿ ಮಂಡಿಯೂರಿ ಒಮ್ಮೆ, ಸೊಂಟದ ಮಟ್ಟದಲ್ಲಿ ಒಮ್ಮೆ, ಏಣಿ ಹತ್ತಿ ತಲೆಯಿಂದ ಮೇಲೆ ಇನ್ನೊಮ್ಮೆ. ಮೂರು ಸಲವೂ ನಾಲ್ಕು ಸಾವಿರದ ನೂರ ಇಪ್ಪತ್ತು ಮಿಲಿಮೀಟರ್ ಬಂತು. ಹಳೆಯ ಕಟ್ಟಡದ ಗೋಡೆ ಇಷ್ಟು ಪ್ರಾಮಾಣಿಕವಾಗಿರುವುದು ಅಪರೂಪ. ಪೇಟದ ಮಡಿಕೆಯಲ್ಲಿ ಸಿಕ್ಕಿಸಿಕೊಂಡಿದ್ದ ಪೆನ್ಸಿಲನ್ನು ತೆಗೆದು ಆ ಅಂಕಿಯನ್ನು ಗೋಡೆಯ ಮೇಲೇ ಬರೆದರು.

ಆಸ್ಪತ್ರೆಯಲ್ಲಿ ಅವರ ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವರು ಮಿಲಿಮೀಟರ್. ಹಿಂದೊಮ್ಮೆ ಶಸ್ತ್ರಚಿಕಿತ್ಸೆಯ ಡಾಕ್ಟರೊಬ್ಬರು ತಮ್ಮ ಕೋಣೆಗೆ ಒಂದು ಅಲಮಾರು ಮಾಡಿಸುವಾಗ ಒಂದೆರಡು ಸೆಂಟಿಮೀಟರ್ ಆಚೀಚೆ ಆದರೆ ಪರವಾಗಿಲ್ಲ ಎಂದಿದ್ದರಂತೆ. "ನಿಮ್ಮ ಕೆಲಸದಲ್ಲೂ ಹಾಗೇನಾ ಡಾಕ್ಟ್ರೇ?" ಎಂದು ಇವರು ತಲೆ ಎತ್ತದೆ ಕೇಳಿದ್ದರು. ಆ ಮಧ್ಯಾಹ್ನದಿಂದ ಹೆಸರು ಅಂಟಿಕೊಂಡಿತು. ವಯಸ್ಸು ಐವತ್ತೇಳು, ಈ ಕೆಲಸದಲ್ಲಿ ಮೂವತ್ತೊಂದು ವರ್ಷ. ಸಿಖ್ಖರು ಎಂದೂ ತೆಗೆಯದ ಬಲಗೈಯ ಉಕ್ಕಿನ ಕಡಗ ಯಂತ್ರಕ್ಕೆ ಸಿಕ್ಕೀತು, ಬಿಚ್ಚಿಡಿ ಎಂದು ಸುರಕ್ಷತಾ ಅಧಿಕಾರಿ ಒಮ್ಮೆ ಹೇಳಿದಾಗ ಅವರು ವಾದಿಸಲಿಲ್ಲ. ಮರುದಿನ ಕಡಗವನ್ನು ಮೊಣಕೈವರೆಗೆ ಸರಿಸಿ, ಅಲುಗಾಡದಂತೆ ಬಟ್ಟೆಯ ಪಟ್ಟಿ ಸುತ್ತಿಕೊಂಡು ಬಂದರು. ಅಧಿಕಾರಿ ನೋಡಿದರು, ಎಳೆದು ಪರೀಕ್ಷಿಸಿದರು, ಸುಮ್ಮನಾದರು. ಮಿಲಿಮೀಟರ್ ಅವರ ಹಟವೆಲ್ಲ ಈ ಬಗೆಯದು. ಧ್ವನಿ ಏರುವುದಿಲ್ಲ, ಹಿಡಿದದ್ದು ಬಿಡುವುದೂ ಇಲ್ಲ.

ಎಕ್ಸ್‌ರೇ ವಿಭಾಗಕ್ಕೂ ಬಟ್ಟೆ ಉಗ್ರಾಣಕ್ಕೂ ನಡುವೆ ಇದ್ದ ಆ ಕೋಣೆಯಲ್ಲಿ ಅಲ್ಲಿಯವರೆಗೆ ಮುರಿದ ಗಾಲಿಕುರ್ಚಿಗಳನ್ನು ತುಂಬಿಟ್ಟಿದ್ದರು. ಈಗ ಅದನ್ನು ರೋಗಿಗಳ ಕಡೆಯವರಿಗಾಗಿ ಪ್ರಾರ್ಥನೆಯ ಕೋಣೆ ಮಾಡಬೇಕೆಂದು ಆಡಳಿತ ತೀರ್ಮಾನಿಸಿತ್ತು. ಒಂದೇ ಕೋಣೆ, ಎಲ್ಲರಿಗೂ. ನಡುವೆ ಖಾಲಿ ನೆಲ, ಗೋಡೆಯ ಉದ್ದಕ್ಕೂ ಕಪಾಟುಗಳು. ಯಾರು ಬರುತ್ತಾರೋ ಅವರು ತಮ್ಮ ಕಪಾಟು ತೆರೆದುಕೊಂಡು, ಮುಗಿದ ಮೇಲೆ ಮುಚ್ಚಿ ಹೋಗಬೇಕು. ನಕ್ಷೆ ಕಚೇರಿಯಿಂದ ಬಂದಿತ್ತು. ಮಿಲಿಮೀಟರ್ ಅದನ್ನು ಕಿಟಕಿಯ ಕಟ್ಟೆಯ ಮೇಲೆ ಬಿಡಿಸಿ, ನಾಲ್ಕು ಮೂಲೆಗೂ ಒಂದೊಂದು ಉಪಕರಣ ಹೇರಿ ಓದಿದರು. ಮೂರು ಕಪಾಟು, ತಲಾ ಸಾವಿರದ ಇನ್ನೂರು ಮಿಲಿಮೀಟರ್ ಅಗಲ. ಮೊದಲನೆಯದು ಕ್ರೈಸ್ತರಿಗೆ, ಎರಡನೆಯದು ಮುಸ್ಲಿಮರಿಗೆ. ಮೂರನೆಯದರ ಕೆಳಗೆ ಹೀಗೆ ಬರೆದಿತ್ತು: ಹಿಂದೂ, ಸಿಖ್ಖರೂ ಸೇರಿ.

ಕೊನೆಯ ಎರಡು ಪದಗಳನ್ನು ಅವರು ಇನ್ನೊಮ್ಮೆ ಓದಿ, ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕುಳಿತರು. ಸಿಟ್ಟು ಬಂದಿರಲಿಲ್ಲ. ಏಳು ವರ್ಷದ ಹಿಂದಿನ ಒಂದು ಮಧ್ಯಾಹ್ನ ನೆನಪಾಗಿತ್ತು.

ಆ ಮಧ್ಯಾಹ್ನ ಇದೇ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಅವರ ತಾಯಿಗೆ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಒಳಗೆ ಹೋಗುವ ಮೊದಲು ತಾಯಿ, ನಾನು ಹೊರಗೆ ಬರೋವರೆಗೂ ಓದ್ತಾ ಇರು ಎಂದಿದ್ದರು. ಓದಬೇಕಾದದ್ದು ತಾಯಿಯದೇ ಪ್ರಾರ್ಥನೆಯ ಪುಸ್ತಕ, ಬಿಳಿಯ ಬಟ್ಟೆಯಲ್ಲಿ ಸುತ್ತಿದ್ದು. ಅವರ ಮನೆಗಳಲ್ಲಿ ಆ ಪುಸ್ತಕವನ್ನು ನೆಲಕ್ಕಿಡುವುದಿಲ್ಲ, ಕೂತವರ ಸೊಂಟಕ್ಕಿಂತ ಕೆಳಗೆ ಇಳಿಸುವುದಿಲ್ಲ, ಕೈತೊಳೆಯದೆ ಮುಟ್ಟುವುದಿಲ್ಲ. ವಿಗ್ರಹವಿಲ್ಲದ ಮನೆಯಲ್ಲಿ ಗುರುವೆಂದರೆ ಮಾತು, ಮಾತಿಗೆ ಕೂರಲು ಜಾಗವೆಂದರೆ ಆ ಪುಸ್ತಕ. ಹೊರಗಿನ ಕಾರಿಡಾರಿನಲ್ಲಿ ಚಪ್ಪಲಿಯ ಗೂಡು, ಕಸದ ಬುಟ್ಟಿ, ಒಂದು ಬೆಂಚು, ಗೋಡೆಗೆ ಕೂರಿಸಿದ ಒಂದು ಕೈತೊಳೆಯುವ ಬೋಗುಣಿ ಇದ್ದವು. ಎರಡು ಗಂಟೆ ನಲವತ್ತು ನಿಮಿಷ ಅವರು ಪುಸ್ತಕವನ್ನು ಎರಡೂ ಅಂಗೈಯಲ್ಲಿ ಹಿಡಿದು ನಿಂತೇ ಓದಿದರು. ಅಷ್ಟರಲ್ಲಿ ನರ್ಸ್ ಓಡಿಬಂದು, ರಕ್ತಕ್ಕೆ ಸಹಿ ಬೇಕು, ಈಗಲೇ, ಎಂದರು. ಪೆನ್ನು ಹಿಡಿಯಲು ಕೈ ಬೇಕಿತ್ತು. ಬೆಂಚಿನ ಮೇಲೆ ಯಾರೋ ಕಾಲು ಚಾಚಿ ಮಲಗಿದ್ದರು. ಪುಸ್ತಕವನ್ನು ಬೋಗುಣಿಯ ಅಂಚಿನಲ್ಲಿಟ್ಟು ಸಹಿ ಹಾಕಿ ತಿರುಗಿದಾಗ ಬಟ್ಟೆ ಒದ್ದೆಯಾಗಿತ್ತು. ತಾಯಿ ಮೂರು ದಿನದ ನಂತರ ತೀರಿಹೋದರು. ಬೋಗುಣಿಯ ಸಂಗತಿಯನ್ನು ಅವರು ಹೆಂಡತಿಗೂ ಹೇಳಿರಲಿಲ್ಲ.

ಬುಧವಾರ ಎಂಟು ಗಂಟೆಗೆ ಆಡಳಿತಾಧಿಕಾರಿಯ ಬಾಗಿಲು ತೆರೆಯಿತು. ಮೇಡಂ ಕೆಟ್ಟವರಲ್ಲ, ಪುರುಸೊತ್ತಿಲ್ಲದವರು. ಒಂದು ಕಡತಕ್ಕೆ ಸಹಿ ಹಾಕುತ್ತ ಇನ್ನೊಂದನ್ನು ಓದುವ ಅಭ್ಯಾಸ ಅವರದು. ಮಿಲಿಮೀಟರ್ ನಕ್ಷೆ ತೋರಿಸಿ, ನಮಗೆ ಒಂದು ಬೇರೆ ಕಪಾಟು ಬೇಕು, ಚಿಕ್ಕದಾದರೂ ಸಾಕು, ಎಂದರು. ಮೇಡಂ ಸಹಿ ನಿಲ್ಲಿಸಿ ಕೇಳಿಸಿಕೊಂಡರು. ನಕ್ಷೆಯನ್ನು ಮನಸ್ಸಿಗೆ ಬಂದಂತೆ ಮಾಡಿಸಿದ್ದಲ್ಲ, ದಾಖಲಾತಿ ಪುಸ್ತಕ ನೋಡಿ ಮಾಡಿಸಿದ್ದು, ಎಂದು ವಿವರಿಸಿದರು. ಹತ್ತು ವರ್ಷದ ಲೆಕ್ಕ ತೆಗೆಸಿದ್ದರು. ಹಿಂದೂ ಎಷ್ಟು, ಮುಸ್ಲಿಂ ಎಷ್ಟು, ಕ್ರೈಸ್ತ ಎಷ್ಟು, ಎಲ್ಲ ಇತ್ತು.

"ಸಿಖ್ ಅಂತ ಒಬ್ಬರೂ ಇಲ್ಲ ನೋಡಿ. ಸೊನ್ನೆ," ಎಂದರು ಮೇಡಂ.

"ನಮ್ಮಮ್ಮ ಇಲ್ಲೇ ಇದ್ರು ಮೇಡಂ. ಮೂರು ಸಲ ದಾಖಲಾಗಿದ್ರು."

"ಪುಸ್ತಕದಲ್ಲಿ ಇಲ್ವಲ್ಲ."

ಕೊನೆಗೆ ಮೇಡಂ ಒಂದು ದಾರಿ ತೋರಿಸಿದರು. ಮುಂದಿನ ಬುಧವಾರ ಮೂರು ಗಂಟೆಗೆ ಕೋಣೆಯ ಸಮಿತಿ ಸೇರುತ್ತದೆ: ಪಾದ್ರಿ, ಮೌಲ್ವಿ, ದೇವಸ್ಥಾನದ ಕಾರ್ಯದರ್ಶಿ. ಮೂವರೂ ಒಪ್ಪಿದರೆ ನಕ್ಷೆ ಬದಲಾಗುತ್ತದೆ. ಒಬ್ಬರು ಬೇಡವೆಂದರೂ ಗುರುವಾರ ಬೆಳಿಗ್ಗೆ ಇದ್ದ ಹಾಗೇ ಮರ ಕೊಯ್ಯಬೇಕು. ಕೊಯ್ಯಬೇಕಾದವರು ಇವರೇ.

ಸಂಜೆ ಮನೆಗೆ ಬಂದಾಗ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕುಳಿತಿದ್ದರು. ಅತ್ತೆ ಎಂದರೆ ಹೆಂಡತಿಯ ತಾಯಿ. ಹಿಂದೂ ಮನೆಯವರು. ಅವರ ಕಡೆಯಲ್ಲಿ ಹಿಂದೂ ಮನೆಗೂ ಸಿಖ್ಖರ ಮನೆಗೂ ನಡುವೆ ಹೆಣ್ಣು ಕೊಟ್ಟು ತರುವುದು ಅಜ್ಜಂದಿರ ಕಾಲದಿಂದಲೂ ಇದ್ದದ್ದೇ. ಗಂಡ ಹೋದ ಮೇಲೆ ಅತ್ತೆ ಮಗಳ ಮನೆ ಸೇರಿ ಹನ್ನೆರಡು ವರ್ಷ. ಬಂದ ವಾರದಲ್ಲೇ ಅಳಿಯ ಅಡುಗೆಮನೆಯ ಮೂಲೆಯಲ್ಲಿ ಅವರ ದೇವರಿಗೆ ತೇಗದ ಗೂಡೊಂದನ್ನು ಮಾಡಿಕೊಟ್ಟಿದ್ದರು. ಅತ್ತೆಯ ಎತ್ತರ ಅಳೆದು, ಬಗ್ಗದೆ ದೀಪ ಹಚ್ಚುವ ಹಾಗೆ. ಅತ್ತೆಯೂ ಅಳಿಯ ಓದಲು ಕೂತಾಗ ತಲೆಗೆ ಸೆರಗು ಹೊದ್ದು ದೂರದಲ್ಲಿ ಕೂರುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ರೇಗಿಸುವುದನ್ನು ಮಾತ್ರ ಬಿಟ್ಟಿರಲಿಲ್ಲ.

ನಕ್ಷೆಯ ಕಥೆ ಕೇಳಿದ ಅತ್ತೆ, ಅದರಲ್ಲೇನು ತಪ್ಪು ಎಂದರು. ಹುಟ್ಟು, ಸಾವು, ಮತ್ತೆ ಹುಟ್ಟು, ಮಾಡಿದ ಕರ್ಮ ಉಣ್ಣುವುದು, ಎಲ್ಲ ನಿಮ್ಮಲ್ಲೂ ಇದೆ. ಸತ್ತರೆ ಸುಡುತ್ತೀರಿ, ನಾವೂ ಸುಡುತ್ತೇವೆ. ನಿಮ್ಮ ಮೊದಲ ಗುರುಗಳು ಹುಟ್ಟಿದ್ದು ಯಾರ ಮನೆಯಲ್ಲಿ? ನಮ್ಮವರ ಮನೆಯಲ್ಲೇ ಅಲ್ಲವೇ?

"ಒಂದು ಪೇಟ ಜಾಸ್ತಿ, ಅಷ್ಟೇ," ಎಂದು ಮುಗಿಸಿದರು.

ಮಿಲಿಮೀಟರ್ ಕೈಕಾಲು ತೊಳೆದು ಬಂದು ಕುಳಿತು, ಸಾಲಾಗಿ ಉತ್ತರ ಹೇಳಿದರು. ಕರ್ಮ, ಮರುಹುಟ್ಟು ಹೌದು. ಆದರೆ ವಿಗ್ರಹ ಇಲ್ಲ, ಅವತಾರ ಇಲ್ಲ, ಜನಿವಾರ ಇಲ್ಲ, ಹುಟ್ಟಿನಿಂದ ಮೇಲು ಕೀಳು ಇಲ್ಲ, ಕನಿಷ್ಠ ಇರಬಾರದು ಎಂದು ಗುರುಗಳು ಹೇಳಿದ್ದಾರೆ. ಊಟಕ್ಕೆ ಕೂತರೆ ಯಾರಾದರೂ ಒಂದೇ ಸಾಲು, ಒಂದೇ ನೆಲ. ಮೊದಲ ಗುರುಗಳು ಹಿಂದೂ ಮನೆಯಲ್ಲಿ ಹುಟ್ಟಿದ್ದೂ ನಿಜ, ತಮ್ಮ ಕೊನೆಯವರೆಗೂ ಅವರ ಜೊತೆ ಊರೂರು ತಿರುಗಿ ಹಾಡಿಗೆ ತಂತಿ ನುಡಿಸಿದವರು ಮುಸ್ಲಿಂ ಎನ್ನುವುದೂ ನಿಜ. ಗುರುದ್ವಾರದಲ್ಲಿಡುವ ದೊಡ್ಡ ಗ್ರಂಥದೊಳಗೆ ಗುರುಗಳ ಹಾಡುಗಳ ಜೊತೆ ಒಬ್ಬ ನೇಕಾರನ ಹಾಡುಗಳಿವೆ, ಒಬ್ಬ ಚಮ್ಮಾರನವು, ಒಬ್ಬ ಕ್ಷೌರಿಕನವು, ಒಬ್ಬ ಕಟುಕನವು, ಒಬ್ಬ ಸೂಫಿ ಫಕೀರನವು. ಅದಕ್ಕೆ ತಲೆಬಾಗಿದರೆ ಅವರೆಲ್ಲರಿಗೂ ತಲೆಬಾಗಿದ ಹಾಗೆ.

ಅತ್ತೆ ಎಣ್ಣೆಯ ಬಟ್ಟಲನ್ನು ಪಕ್ಕಕ್ಕಿಟ್ಟು ಯೋಚಿಸಿದರು. ಒಳಗಿನಿಂದ ಹೆಂಡತಿ, ಅಮ್ಮಾ, ಎಲ್ಲ ಒಂದೇ ಅಂತೀಯಲ್ಲ, ನನ್ನ ಮದುವೆಯ ಹೊತ್ತಿಗೆ ನೀನು ಏನು ಮಾಡಿದ್ದೆ ನೆನಪಿದೆಯಾ, ಎಂದು ಕೇಳಿದರು. ಅತ್ತೆಗೆ ನೆನಪಿತ್ತು. ಮಗಳು ಬೇರೆ ಪದ್ಧತಿಯ ಮನೆಗೆ ಹೋಗುತ್ತಾಳೆಂದು ಮೂರು ದಿನ ಕಣ್ಣೀರು ಹಾಕಿಕೊಂಡು ಊಟ ಬಿಟ್ಟಿದ್ದರು. ಅಗ್ನಿಯ ಸುತ್ತ ತಿರುಗದೆ ಗ್ರಂಥದ ಸುತ್ತ ತಿರುಗಿದರೆ ಅದು ಮದುವೆಯೇ ಎಂದು ಅಣ್ಣನನ್ನು ಕೇಳಿದ್ದರು.

"ಹಾಗಿದ್ರೆ ಒಂದೇ ಅಲ್ಲ ಬಿಡಿ," ಎಂದರು ಅತ್ತೆ, ನಿಧಾನವಾಗಿ. "ಬೇರೆಯವರೂ ಅಲ್ಲ. ಬೀಗರು. ಬೀಗರ ಮನೇಲಿ ಉಣ್ಣಬಹುದು, ಕಷ್ಟಕ್ಕೆ ಓಡಿ ಹೋಗಬಹುದು. ಅವರ ಮನೆ ಬಾಗಿಲಿಗೆ ನಮ್ಮ ಹೆಸರಿನ ಹಲಗೆ ಹೊಡೆಯೋಕಾಗುತ್ತಾ?"

ಮಿಲಿಮೀಟರ್ ಆ ಮಾತನ್ನು ಒಳಗೇ ಇಟ್ಟುಕೊಂಡರು. ಮೂವತ್ತು ವರ್ಷ ತಾವು ಹುಡುಕಿದ ಅಳತೆ ಇಷ್ಟು ಹೊತ್ತೂ ತಮ್ಮ ಅಡುಗೆಮನೆಯ ಬಾಗಿಲಲ್ಲೇ ಕುಳಿತಿತ್ತಲ್ಲ ಎನ್ನಿಸಿತು.

ಭಾನುವಾರ ಅವರು ಗುರುದ್ವಾರದ ಹಿರಿಯರಿಗೆ ಸಂಗತಿ ತಿಳಿಸಿದರು. ಹಿರಿಯರು ಹಿಗ್ಗಿದರು, ಬೇಕಾದದ್ದಕ್ಕಿಂತ ಹೆಚ್ಚೇ ಹಿಗ್ಗಿದರು. ಸಣ್ಣ ಪುಸ್ತಕವೇಕೆ, ದೊಡ್ಡ ಗ್ರಂಥವನ್ನೇ ಅಲ್ಲಿ ಸ್ಥಾಪಿಸೋಣ. ಮೇಲ್ಕಟ್ಟು, ದಿಂಬು, ಚಾಮರ ಎಲ್ಲ ಕೊಡುತ್ತೇವೆ. ನೂರು ಜನ ಹಾಡುತ್ತ ತಲೆಯ ಮೇಲೆ ಹೊತ್ತು ತರುತ್ತೇವೆ. ಕೋಣೆಯ ಅರ್ಧ ಬಿಟ್ಟುಕೊಡಿ ಎಂದು ಕೇಳಿ, ಎಂದರು. ಮಿಲಿಮೀಟರ್ ಬೂಟು ಹಾಕಿಕೊಳ್ಳುವ ಕಟ್ಟೆಯ ಮೇಲೆ ಅವರ ಪಕ್ಕ ಕುಳಿತು, ಆಗುವುದಿಲ್ಲ ಎಂದರು. ಹಿರಿಯರಿಗೆ ಹೀಗೆ ಎದುರುತ್ತರ ಕೊಡುವವರು ಅಲ್ಲಿ ಕಡಿಮೆ.

"ಬೆಳಿಗ್ಗೆ ಗ್ರಂಥ ತೆರೆಯೋರು ಯಾರು, ಸಂಜೆ ಮುಚ್ಚಿ ಮಲಗಿಸೋರು ಯಾರು ತಾತ? ಗ್ರಂಥವನ್ನೇ ಜೀವಂತ ಗುರು ಅಂತೀವಿ. ಮನೆಯ ಹಿರಿಯರನ್ನ ಆಸ್ಪತ್ರೆಯಲ್ಲಿ ಒಬ್ಬರನ್ನೇ ಬಿಟ್ಟು ಬರ್ತೀವಾ?"

ಹಿರಿಯರು ಗಡ್ಡ ನೀವಿಕೊಂಡರು. ನೀನು ಕೇಳುತ್ತಿರುವುದು ತೀರಾ ಕಡಿಮೆ, ಎಂದು ಗೊಣಗಿದರು. ಬೇಕಾಗಿರುವುದು ಅಷ್ಟೇ, ಎಂದು ಇವರು ಲೇಸು ಕಟ್ಟಿಕೊಂಡರು. ಅದೊಂದು ಬಾಗಿಲು ಹೀಗೆ ಮುಚ್ಚಿತು. ಆದರೆ ಸಮಿತಿಯ ಮುಂದೆ ಇಡಲು ಕೈಯಲ್ಲಿ ಇನ್ನೂ ಏನೂ ಇರಲಿಲ್ಲ, ಮೇಡಂ ಹೇಳಿದ ಸೊನ್ನೆಯೊಂದನ್ನು ಬಿಟ್ಟು.

ಸೊನ್ನೆ ಅವರನ್ನು ಕಾಡಿತು. ಸೊನ್ನೆ ಬಂದರೆ ಒಂದೋ ವಸ್ತು ಇಲ್ಲ, ಇಲ್ಲವೇ ಅಳೆಯುವ ಪಟ್ಟಿ ಕೆಟ್ಟಿದೆ. ವಸ್ತು ಇತ್ತೆಂದು ಅವರಿಗೆ ಖಚಿತವಾಗಿ ಗೊತ್ತು. ಹಾಗಾಗಿ ಸೋಮವಾರ ಮಧ್ಯಾಹ್ನದ ಬಿಡುವಿನಲ್ಲಿ ದಾಖಲೆ ಕೋಣೆಗೆ ಹೋಗಿ, ಮಗನೆಂಬ ಅರ್ಜಿ ಬರೆದುಕೊಟ್ಟು, ತಾಯಿಯ ಮೂರೂ ದಾಖಲಾತಿಗಳ ನಕಲು ಕೇಳಿದರು. ದಾಖಲೆ ಕೋಣೆಯ ಅಕ್ಕ ಕನ್ನಡಕ ಏರಿಸಿ, ಪರದೆಯಲ್ಲಿ ಹುಡುಕಿ, ಮೂರು ಹಾಳೆ ತೆಗೆದುಕೊಟ್ಟರು. ಕೊಡುವ ಮುನ್ನ ತಾವೇ ಒಮ್ಮೆ ನೋಡಿ ಹುಬ್ಬು ಗಂಟಿಕ್ಕಿದರು. ಇದು ಒಬ್ಬರದೇನಾ ಎಂದು ಕೇಳಿದರು.

ಒಬ್ಬರದೇ. ಹನ್ನೊಂದು ತಿಂಗಳ ಅವಧಿಯಲ್ಲಿ ಮೂರು ಸಲ. ಹುಟ್ಟಿದ ದಿನ, ರಕ್ತದ ಗುಂಪು, ಮನೆಯ ವಿಳಾಸ, ಎಲ್ಲ ಒಂದೇ. ಧರ್ಮ ಎಂಬ ಅಂಕಣದಲ್ಲಿ ಮೊದಲ ಸಲ ಹಿಂದೂ. ಎರಡನೆಯ ಸಲ ಮುಸ್ಲಿಂ. ಮೂರನೆಯ ಸಲ ಇತರೆ.

ಹೇಗಾಯಿತೆಂದು ಇಬ್ಬರೂ ಸೇರಿ ಬಿಡಿಸಿದರು. ಪರದೆಯಲ್ಲಿ ಆಯ್ಕೆ ನಾಲ್ಕೇ ಇದ್ದವು: ಮೂರು ಧರ್ಮ ಮತ್ತು ಇತರೆ. ಗುಂಪು ಹೆಚ್ಚಿದ ಹೊತ್ತಿನಲ್ಲಿ ಕೌಂಟರಿನವರು ಕೇಳುವುದಿಲ್ಲ, ಮುಖ ನೋಡಿ ಒತ್ತುತ್ತಾರೆ. ಮೊದಲ ಸಲ ತಾಯಿಯ ಜೊತೆ ಬಂದದ್ದು ಹೆಂಡತಿ ಮತ್ತು ಅತ್ತೆ, ಅತ್ತೆಯ ಹಣೆಯಲ್ಲಿ ಬೊಟ್ಟು. ಎರಡನೆಯ ಸಲ ಬಂದದ್ದು ಉದ್ದ ಗಡ್ಡದ ಮಗ. ಮೂರನೆಯ ಸಲ ಮೂವರೂ ಒಟ್ಟಿಗೆ ಬಂದಿದ್ದರು. ಪಾಪ, ಕೌಂಟರಿನವರು ಬೊಟ್ಟನ್ನೂ ನೋಡಿ ಗಡ್ಡವನ್ನೂ ನೋಡಿ ಕೈಚೆಲ್ಲಿರಬೇಕು.

ಆ ಹಾಳೆಗಳನ್ನು ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟಾಗ ಹೆಂಡತಿ ನಕ್ಕರು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಅತ್ತೆ ಒಂದೊಂದನ್ನೂ ದೂರ ಹಿಡಿದು ಓದಿಸಿಕೊಂಡರು. "ನಿಮ್ಮಮ್ಮ ಜೀವಮಾನದಲ್ಲಿ ಬಸ್ ಹತ್ತಿ ನಾಲ್ಕು ಊರು ನೋಡಿದೋರಲ್ಲ," ಎಂದರು. "ಆಸ್ಪತ್ರೆಗೆ ಬಂದು ಮೂರು ಮತ ಸುತ್ತಿಬಿಟ್ರಲ್ಲ." ಅಂದು ಊಟವಾದ ಮೇಲೆ ಮಿಲಿಮೀಟರ್ ಬೋಗುಣಿಯ ಸಂಗತಿಯನ್ನು ಇಬ್ಬರಿಗೂ ಹೇಳಿದರು. ಏಳು ವರ್ಷ ಆಗಿತ್ತು. ಹೆಂಡತಿ ಎದ್ದು ಹೋಗಿ, ಬುಧವಾರ ಹಾಕಿಕೊಳ್ಳಬೇಕಾದ ಅಂಗಿಯನ್ನು ಎರಡು ದಿನ ಮುಂಚೆಯೇ ಇಸ್ತ್ರಿ ಮಾಡಿಟ್ಟರು.

ಬುಧವಾರ ಮೂರು ಗಂಟೆಗೆ ಕ್ಯಾಂಟೀನಿನ ಪಕ್ಕದ ಕೋಣೆಯಲ್ಲಿ ಸಮಿತಿ ಸೇರಿತು. ಮೇಜಿನ ಒಂದು ತುದಿಗೆ ಮೇಡಂ. ಪಾದ್ರಿ ಯುವಕರು, ಎಲ್ಲದಕ್ಕೂ ಟಿಪ್ಪಣಿ ಬರೆದುಕೊಳ್ಳುವವರು. ಮೌಲ್ವಿಯವರು ವಯಸ್ಸಾದವರು, ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದರು. ದೇವಸ್ಥಾನದ ಕಾರ್ಯದರ್ಶಿ ಮಿಲಿಮೀಟರ್‌ಗೆ ಇಪ್ಪತ್ತು ವರ್ಷದ ಪರಿಚಯ. ಮೊಳೆ, ಕೀಲು, ಚಿಲಕ ಮಾರುವ ಅಂಗಡಿ ಅವರದು. ಆಸ್ಪತ್ರೆಯ ಅರ್ಧ ಬಾಗಿಲುಗಳು ತಿರುಗುತ್ತಿದ್ದದ್ದು ಅವರ ಕೀಲುಗಳ ಮೇಲೆಯೇ.

ಮಿಲಿಮೀಟರ್ ಎದ್ದು ನಿಂತು ಬೇಡಿಕೆ ಹೇಳಿದರು. ವಿರೋಧ ಬರುತ್ತದೆ ಎಂದು ಸಿದ್ಧರಾಗಿ ಬಂದಿದ್ದರು. ಬಂದದ್ದು ಪ್ರೀತಿ. ಅದಕ್ಕೆ ಅವರು ಸಿದ್ಧರಾಗಿರಲಿಲ್ಲ.

ಮೊದಲು ಪಾದ್ರಿ ಮಾತಾಡಿದರು. ನಿಮ್ಮ ಗುರುಗಳದು ಸುಧಾರಣೆ, ನಮ್ಮಲ್ಲೂ ಒಮ್ಮೆ ಹೀಗೇ ಆಯಿತು, ಗುಡಿಯ ಆಡಂಬರ ಬೇಡ, ಓದು ಮುಖ್ಯ ಎಂದವರು ಎದ್ದರು. ನಮ್ಮ ಕಪಾಟಿನಲ್ಲಿ ಬೇಕಾದಷ್ಟು ಜಾಗ ಇದೆ, ಬನ್ನಿ, ಎಂದರು. ಮೌಲ್ವಿಯವರು ತಲೆಯಾಡಿಸಿ, ಒಬ್ಬನೇ ದೇವರು, ವಿಗ್ರಹವಿಲ್ಲ, ಹಾಗೆ ನೋಡಿದರೆ ಇವರು ನಮಗೇ ಹತ್ತಿರ. ನಮ್ಮದರಲ್ಲಿ ಮೇಲಿನ ಅರೆಯೇ ಕೊಡುತ್ತೇವೆ, ಎಂದರು. ಕಾರ್ಯದರ್ಶಿಗೆ ಇದು ಸರಿಬರಲಿಲ್ಲ. ಕುರ್ಚಿ ಹಿಂದೆ ತಳ್ಳಿ ಎದ್ದು ಬಂದು ಮಿಲಿಮೀಟರ್ ಅವರ ಹೆಗಲ ಮೇಲೆ ಕೈ ಹಾಕಿದರು.

"ಅಣ್ಣಾ, ನೀವೇನು ಬೇರೆಯವರಾ? ನಮ್ಮ ಧರ್ಮ ಉಳಿಸೋಕೆ ನಿಮ್ಮ ಒಂಬತ್ತನೇ ಗುರುಗಳು ತಲೆ ಕೊಟ್ಟಿದ್ದಾರೆ. ಅಷ್ಟು ಮಾಡಿದೋರು ನಮ್ಮವರೇ ಅಲ್ವಾ? ಯಾಕೆ ಬೇರೆ ಕಪಾಟು, ಬೇರೆ ಬೋರ್ಡು?"

ಹೆಗಲ ಮೇಲಿನ ಕೈ ಭಾರವಾಗಿತ್ತು, ಬೆಚ್ಚಗೂ ಇತ್ತು. ಮೂರು ಮನೆಯವರು ಒಳಗೆ ಬನ್ನಿ ಎಂದು ಕರೆಯುತ್ತಿದ್ದಾರೆ, ತಮ್ಮದೂ ಒಂದು ಬಾಗಿಲು ಇದೆ ಎನ್ನುವುದು ಮಾತ್ರ ಯಾರಿಗೂ ಕಾಣುತ್ತಿಲ್ಲ. ಕೈ ಕೊಡವಿದರೆ ಇಪ್ಪತ್ತು ವರ್ಷದ ಸ್ನೇಹ ಮುರಿಯುತ್ತದೆ, ಸುಮ್ಮನಿದ್ದರೆ ನಾಳೆ ಬೆಳಿಗ್ಗೆ ಮರ ಕೊಯ್ಯಬೇಕು. ಅವರು ಆ ಕೈಯನ್ನು ಹಾಗೆಯೇ ಇರಗೊಟ್ಟು ಮಾತಾಡಿದರು.

"ಆ ಗುರುಗಳು ಜನಿವಾರ ಹಾಕ್ತಿರಲಿಲ್ಲ ಸಾರ್. ತಿಲಕ ಇಡ್ತಿರಲಿಲ್ಲ. ಆದರೂ ಹಾಕೋರು ಹಾಕ್ಕೊಳ್ಳಲಿ, ಯಾರೂ ಬಲವಂತವಾಗಿ ಬದಲಾಯಿಸಬಾರದು ಅಂತ ತಲೆ ಕೊಟ್ರು. ಅದು ಅವರದೇ ಧರ್ಮ ಆಗಿದ್ರೆ ತಮ್ಮದನ್ನ ಉಳಿಸ್ಕೊಂಡ್ರು ಅಂತ ಆಗ್ತಿತ್ತು. ಇನ್ನೊಬ್ಬರದು ಅಂತಲೇ ಅದು ದೊಡ್ಡದು."

ಪಾದ್ರಿ ಬರೆಯುವುದನ್ನು ನಿಲ್ಲಿಸಿದ್ದರು.

ಆಗ ಮಿಲಿಮೀಟರ್ ಮೂರು ಹಾಳೆಗಳನ್ನು ಮೇಜಿನ ಮೇಲೆ ಹರಡಿದರು. ಯಾರ ಮೇಲೂ ದೂರಿಲ್ಲ ಎಂದು ಮೊದಲೇ ಹೇಳಿದರು. ಮೇಡಂ ಒಂದೊಂದನ್ನೂ ಎತ್ತಿ ಓದಿದರು, ದಿನಾಂಕಗಳನ್ನು ಹೋಲಿಸಿದರು, ಮೊದಲನೆಯದಕ್ಕೆ ಮತ್ತೆ ಮರಳಿದರು. ಹತ್ತು ವರ್ಷದ ಸೊನ್ನೆಯನ್ನು ಅವರು ಪ್ರಾಮಾಣಿಕವಾಗಿ ನಂಬಿದ್ದರು. ನಂಬಿದ್ದು ಬಿರುಕುಬಿಟ್ಟದ್ದು ಮುಖದಲ್ಲಿ ಕಾಣುತ್ತಿತ್ತು. ಮೌಲ್ವಿಯವರು ಎರಡನೆಯ ಹಾಳೆಯ ಮೇಲೆ ಬೆರಳಿಟ್ಟು, ನಮ್ಮ ಲೆಕ್ಕಕ್ಕೆ ಒಬ್ಬರನ್ನು ಸುಮ್ಮನೆ ಸೇರಿಸಿಕೊಂಡಿದ್ದೇವೆ ಹಾಗಾದರೆ, ಎಂದು ಮೆಲ್ಲಗೆ ನಕ್ಕರು. ನಕ್ಕಿದ್ದಕ್ಕೆ ಕ್ಷಮಿಸಿ ಎಂದೂ ಅಂದರು.

ಮಿಲಿಮೀಟರ್ ಬೋಗುಣಿಯ ಕಥೆಯನ್ನು ನಾಲ್ಕು ವಾಕ್ಯದಲ್ಲಿ ಹೇಳಿ ಮುಗಿಸಿದರು. ಎಷ್ಟು ಹೊತ್ತು ನಿಂತಿದ್ದೆ, ಯಾಕೆ ಇಳಿಸಬೇಕಾಯಿತು, ಎಲ್ಲಿ ಇಳಿಸಿದೆ, ಬಟ್ಟೆ ಏನಾಯಿತು. ಇನ್ನೊಬ್ಬ ಮಗನಿಗೋ ಮಗಳಿಗೋ ಹೀಗಾಗಬಾರದು, ನನಗೆ ಬೇಕಾಗಿರುವುದು ಅಷ್ಟೇ, ಎಂದರು.

ಮೊದಲು ಮಾತಾಡಿದವರು ಕಾರ್ಯದರ್ಶಿ. ಧ್ವನಿಯಲ್ಲಿ ನೋವಿತ್ತು.

"ಆದ್ರೂ ಅಣ್ಣಾ, ಬೇರೆ ಅಂದ್ಬಿಟ್ರೆ ಮನಸ್ಸಿಗೆ ಒಂಥರಾ ಆಗುತ್ತೆ."

"ಹೋದ ವರ್ಷ ಮಗಳ ಮದುವೆ ಮಾಡಿದ್ರಿ. ನಿಮ್ಮ ಬೀಗರು ಹೇಗಿದ್ದಾರೆ ಸಾರ್?"

ಕಾರ್ಯದರ್ಶಿಗೆ ಪ್ರಶ್ನೆ ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ಚೆನ್ನಾಗಿದ್ದಾರೆ, ಒಳ್ಳೆಯ ಜನ, ಎಂದರು.

"ಅವರು ನಿಮಗೆ ಬೇರೆಯವರಾ?"

"ಛೆ, ಎಲ್ಲಾದ್ರೂ ಉಂಟಾ."

"ಹಾಗಂತ ಅವರ ಬಟ್ಟೆಬರೆ ತಂದು ನಿಮ್ಮ ಬೀರುವಿನಲ್ಲಿ ಇಟ್ಕೊಳ್ಳಿ ಅಂತೀರಾ? ಅಂದ್ರೆ ಅವರಾದ್ರೂ ಇಡ್ತಾರಾ? ನಾವು ನಿಮ್ಮ ಬೀಗರು ಸಾರ್. ನಮ್ಮನೇಲಿ ನಿಮ್ಮ ಕಡೆಯ ಮಗಳಿದ್ದಾಳೆ, ಅಡುಗೆಮನೇಲಿ ನಿಮ್ಮ ದೇವರಿದ್ದಾರೆ, ಆ ಗೂಡು ಮಾಡಿದ್ದು ನಾನೇ. ಬೀಗರಿಗೆ ಅವರದೇ ಮನೆ ಇದ್ರೇನೇ ಹೋಗಿ ಬರೋ ಮರ್ಯಾದೆ."

ಪಾದ್ರಿ ಜೋರಾಗಿ ನಕ್ಕುಬಿಟ್ಟರು. ಕಾರ್ಯದರ್ಶಿ ನಗಲಿಲ್ಲ. ಬೀಗರ ಜೊತೆ ಒಂದು ವರ್ಷ ಕಳೆದವರಿಗೆ ಮಾತ್ರ ಗೊತ್ತಿರುವ ಯಾವುದೋ ಲೆಕ್ಕ ಹಾಕುತ್ತಿರುವಂತೆ ಮೇಜನ್ನೇ ನೋಡುತ್ತಿದ್ದರು. ಮೌಲ್ವಿಯವರು, ನಮ್ಮ ಫಕೀರರ ಹಾಡು ಇವರ ಗ್ರಂಥದಲ್ಲಿದೆಯಂತಲ್ಲ, ಆ ಲೆಕ್ಕದಲ್ಲಿ ನಾನೂ ಬೀಗನೇ, ನನ್ನ ಒಪ್ಪಿಗೆ ಇದೆ, ಎಂದರು. ಪಾದ್ರಿಯೂ ಕೈ ಎತ್ತಿದರು. ಎಲ್ಲರೂ ಕಾರ್ಯದರ್ಶಿಯ ಕಡೆ ನೋಡಿದರು.

ಅವರು ಹೆಗಲ ಮೇಲಿನ ಕೈಯನ್ನು ತೆಗೆದು, ಅದೇ ಕೈಯಿಂದ ಮಿಲಿಮೀಟರ್ ಅವರ ಬೆನ್ನು ತಟ್ಟಿದರು. ಆಗಲಿ, ಎಂದರು. ನನ್ನ ಷರತ್ತು ಒಂದೇ, ಆ ಕಪಾಟಿಗೆ ಕೀಲು ಮತ್ತು ಚಿಲಕ ನನ್ನ ಅಂಗಡಿಯದೇ ಆಗಬೇಕು, ಹಿತ್ತಾಳೆಯದು, ದುಡ್ಡು ತಗೊಳ್ಳೋದಿಲ್ಲ.

ಆ ಕಪಾಟು ಈಗ ಐದು ವರ್ಷದಿಂದ ಅಲ್ಲಿದೆ. ಗುರುವಾರ ಬೆಳಿಗ್ಗೆ ಕೊಯ್ದ ಮರ, ಮುಂದಿನ ಸೋಮವಾರ ಗೋಡೆಗೆ ನಿಂತಿತು. ಬಾಗಿಲು ತೆರೆದರೆ ಎದೆಯ ಮಟ್ಟದಲ್ಲಿ ಓರೆಯ ಹಲಗೆ, ಅದರ ಮೇಲೆ ಬಟ್ಟೆ ಸುತ್ತಿದ ಪ್ರಾರ್ಥನೆಯ ಪುಸ್ತಕ, ಮೇಲಿನ ಅರೆಯಲ್ಲಿ ತಲೆಗೆ ಕಟ್ಟಿಕೊಳ್ಳಲು ಒಗೆದ ವಸ್ತ್ರಗಳು. ಹಲಗೆಯ ಕೆಳಗೆ ಯಾರೂ ಚಪ್ಪಲಿ ತೂರಿಸದಂತೆ ನೆಲದವರೆಗೆ ಮುಚ್ಚಿದ್ದಾರೆ. ನೋಂದಣಿ ಕೌಂಟರಿನ ಪರದೆಯಲ್ಲಿ ಆಯ್ಕೆಗಳು ಹೆಚ್ಚಾಗಿವೆ, ಮುಖ ನೋಡದೆ ಬಾಯಿಬಿಟ್ಟು ಕೇಳಬೇಕೆಂದು ಮೇಡಂ ಸುತ್ತೋಲೆ ಹೊರಡಿಸಿದ್ದಾರೆ. ವಸ್ತ್ರಗಳನ್ನು ವಾರಕ್ಕೊಮ್ಮೆ ಮನೆಗೆ ಒಯ್ದು ಒಗೆಸಿ ತರುವುದು ಮಿಲಿಮೀಟರ್ ಅವರ ಕೆಲಸ. ನಿವೃತ್ತಿಗೆ ಮುಂಚೆಯೂ ಅವರದೇ ಆಗಿತ್ತು, ಈಗಲೂ ಅವರದೇ. ಮಡಿಸುವುದು ಅತ್ತೆ. ಅವರ ಮಡಿಕೆ ಸರಿಯಿಲ್ಲವೆಂದು ಅಳಿಯ, ಅಳಿಯನಿಗೆ ಬೇರೆ ಕೆಲಸವಿಲ್ಲವೆಂದು ಅತ್ತೆ.

ಆ ಕೋಣೆಗೆ ಮೊದಲ ಸಲ ಬಂದವರು ಗೋಡೆ ನೋಡಿ ಒಂದು ಮಾತು ಕೇಳಿಯೇ ಕೇಳುತ್ತಾರೆ. ಮೂರು ಕಪಾಟು ಅಗಲ, ನಾಲ್ಕನೆಯದು ಇಷ್ಟು ಸಣ್ಣದು, ಇದು ಅನ್ಯಾಯವಲ್ಲವೇ? ಅನ್ಯಾಯವಾಗಿದ್ದರೆ ಮಾಡಿದವರು ಮಿಲಿಮೀಟರ್ ಅವರೇ. ಸಮಿತಿ ಮುಗಿಯುವ ಹೊತ್ತಿಗೆ ಮೇಡಂ ನಕ್ಷೆಯನ್ನು ಅವರ ಕಡೆ ತಿರುಗಿಸಿ, ಗೋಡೆಯನ್ನು ನಾಲ್ಕು ಸಮಪಾಲು ಮಾಡಲೂ ತಯಾರಿದ್ದೇನೆ ಎಂದಿದ್ದರು. ಸಮಪಾಲೇ ತಗೊಳ್ಳಿ ಅಣ್ಣಾ, ಎಂದು ಕಾರ್ಯದರ್ಶಿಯೂ ಒತ್ತಾಯಿಸಿದ್ದರು. ಮಿಲಿಮೀಟರ್ ಅದಕ್ಕೂ ಒಪ್ಪಲಿಲ್ಲ. ಹಿಂದಿನ ದಿನ ಸಂಜೆ ಮನೆಯಲ್ಲಿ ಕೈತೊಳೆದು, ತಾಯಿಯ ಪುಸ್ತಕವನ್ನು ಹಲಗೆಯ ಮೇಲೆ ಬಿಡಿಸಿಟ್ಟು, ಎರಡು ಪಕ್ಕಕ್ಕೂ ಬಟ್ಟೆಯ ಮಡಿಕೆಗೆ ಎಷ್ಟು ಜಾಗ ಬೇಕೋ ಅಷ್ಟು ಬಿಟ್ಟು, ಮೂರು ಸಲ ಅಳೆದಿದ್ದರು. ಉಳಿದ ಮೂವರೂ ತಲಾ ಎಂಬತ್ತು ಮಿಲಿಮೀಟರ್ ಬಿಟ್ಟುಕೊಟ್ಟು, ಕಪಾಟುಗಳ ನಡುವಿನ ಸಂದುಗಳನ್ನು ಒಂದಿಷ್ಟು ಕಿರಿದು ಮಾಡಿದರೆ ಅದು ಗೋಡೆಯಲ್ಲಿ ಸರಿಯಾಗಿ ಕೂರುತ್ತಿತ್ತು.

ಹಾಗಾದರೆ ನಿಮಗೆ ಬೇಕಾದದ್ದು ಎಷ್ಟು, ಅದನ್ನಾದರೂ ಹೇಳಿ, ಬರೆದುಕೊಳ್ಳುತ್ತೇನೆ, ಎಂದರು ಮೇಡಂ. ಅವರು ಪೇಟದಿಂದ ಪೆನ್ಸಿಲು ತೆಗೆದು ಮೇಡಂ ಕೈಗೆ ಕೊಟ್ಟು, ಮೇಜಿನ ಸುತ್ತ ಇದ್ದ ನಾಲ್ವರಿಗೂ ಕೇಳಿಸುವ ಹಾಗೆ ಹೇಳಿದರು:

"ಮುನ್ನೂರ ಎಂಬತ್ತು ಮಿಲಿಮೀಟರ್."